ಮಿಕ್ಸಿಗೆ ಬಿಟ್ಟ ಕರೆಂಟು

ಕೊಟ್ಟೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತೇನೆ. ಹಿಂದಿನ ಅಡುಗೆಮನೆಯಲ್ಲಿ ಅಕ್ಕ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಇಲ್ಲಿಗೇ ಬಂದಿದ್ದಳು. ನಾನು ಮದುವೆಯಾಗಲಿಲ್ಲ. ಊರವರ ಮದುವೆ ನೋಡಿ ನೋಡಿಯೇ ನಿನಗೆ ಸಾಕಾಗಿದೆ ಎಂದು ಅವಳು ಚೇಷ್ಟೆ ಮಾಡುತ್ತಿದ್ದಳು.

ಕರೆಂಟು ಹೋದಾಗ ಇಡೀ ಮನೆ ಒಂದೇ ಇನ್ವರ್ಟರ್ ಮೇಲೆ ನಡೆಯಬೇಕು. ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡೋ ಮಹಾ ಹೊಟ್ಟೆಬಾಕ. ಪೆಟ್ಟಿಗೆಯ ಮೇಲೆ ಬರೆದಷ್ಟೇ ಕರೆಂಟು ಎಳೆದರೆ ಚಿಂತೆಯಿರಲಿಲ್ಲ. ವಿಡಿಯೊ ಸಿದ್ಧವಾಗುವಾಗ ನಡುನಡುವೆ, ಕಣ್ಣು ಮಿಟುಕಿಸುವಷ್ಟರಲ್ಲಿ, ಅದಕ್ಕಿಂತ ಬಹಳ ಹೆಚ್ಚು ಎಳೆದುಬಿಡುತ್ತದೆ. ಅದೇ ಗಳಿಗೆಗೆ ಮಿಕ್ಸಿಯೂ ತಿರುಗಿದರೆ ಇನ್ವರ್ಟರ್ ಕಿರುಚಿ ನಿಂತುಹೋಗುತ್ತಿತ್ತು. ಹಾಗಾಗಿ ಅಕ್ಕ ಒಳಗಿಂದ ಕೂಗಿ ಕೇಳಿಯೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದಳು.

"ಮಿಕ್ಸಿ ಹಚ್ಚಲೇನಲೇ?"

"ತಡಿಯಕ್ಕ, ಇನ್ನಾ ತಾಳಿ ಕಟ್ಟಿಲ್ಲ!" ವಿಡಿಯೊ ಇನ್ನೂ ಸಿದ್ಧವಾಗಿಲ್ಲ ಎನ್ನುವುದಕ್ಕೆ ನಾನು ಹಾಗನ್ನುತ್ತಿದ್ದೆ.

ಒಮ್ಮೆ ಹಡಗಲಿಯ ಮದುವೆಯ ವಿಡಿಯೊ ಇನ್ನೇನು ಮುಗಿಯಬೇಕು, ಅವಳು ಕೇಳದೆ ಹಚ್ಚಿಬಿಟ್ಟಳು. ಎಲ್ಲ ಆರಿತು. ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ ಎಂದು ನಾನು ಕೂಗಾಡಿದೆ. ಅವಳೂ ಬಿಡಲಿಲ್ಲ.

"ಎಷ್ಟ್ ಉಂಡ್ರೂ ಸಾಲಲ್ಲೇನಲೇ ನಿನ್ನ ಡಬ್ಬಿಗೆ? ನಾನೂ ಈ ಮನ್ಯಾಗ ಅದೀನಿ!"

ಮಾತು ನಾಟಿತು. ಕಾರ್ಡ್ ಎಳೆಯುವ ಕರೆಂಟಿನ ಮಿತಿಯನ್ನು ಮುಕ್ಕಾಲಿಗೆ ಇಳಿಸಿದೆ. ಕೆಲಸ ಸ್ವಲ್ಪ ನಿಧಾನವಾಯಿತು, ಅಷ್ಟೇ. ಮಿಕ್ಸಿಗೆ ಜಾಗ ಸಿಕ್ಕಿತು. ಆದರೂ ಅಕ್ಕ ಕೂಗಿ ಕೇಳುವುದನ್ನು ಬಿಡಲಿಲ್ಲ. ಇನ್ನು ಕೇಳಬೇಕಿಲ್ಲ ಎಂದು ನಾನೂ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಜ್ವರ ಬಂದದ್ದೇ ನೆಪ, ಅಕ್ಕ ಹೋಗಿಬಿಟ್ಟಳು. ಮಿಕ್ಸಿಯನ್ನು ಒರೆಸಿ ಅಲ್ಲೇ ಇಟ್ಟಿದ್ದೇನೆ.

ಮೊನ್ನೆ ಮಧ್ಯಾಹ್ನ ತೆಲಿಗಿಯ ಗಿರಾಕಿಯೊಬ್ಬ ಬಂದು ಅವಸರ ಮಾಡಿದ. "ಸಂಜಿ ಒಳಗ ಕೊಡ್ರಿ, ಬೀಗರು ಹೊಂಟಾರ." ಕರೆಂಟು ಇರಲಿಲ್ಲ. ಮಿತಿ ತೆಗೆದು ಕಾರ್ಡನ್ನು ಅದರ ಪಾಡಿಗೆ ಬಿಟ್ಟೆ. ಇನ್ವರ್ಟರ್ ಒಂದು ಸಲವೂ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿರುತ್ತಿತ್ತು. ಇಷ್ಟೊಂದು ಕರೆಂಟು ಇಟ್ಟುಕೊಂಡು ನಾನೊಬ್ಬನೇ ಏನು ಮಾಡಲಿ ಎನಿಸಿ, ಗಿರಾಕಿಯ ಎದುರಿಗೇ ಅಳು ಬಂತು.

ಅವನನ್ನು ಕಳಿಸಿದ ಮೇಲೆ ಮಿತಿಯನ್ನು ಮತ್ತೆ ಮುಕ್ಕಾಲಿಗೆ ಇಳಿಸಿದೆ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಯಾರೂ ಕೇಳದಿದ್ದರೂ, ಕೂಗಿದೆ:

"ಹಚ್ಚಕ್ಕ, ತಾಳಿ ಕಟ್ಟಿದ್ದಾತು."