ಇಂದ: ಹುಕ್ಕೇರಿ

ಹುಬ್ಬಳ್ಳಿಯ ಡಾಕ್ಟರು ಉತ್ತರ ಕೊಡಲಿಲ್ಲ, ಅದಕ್ಕೇ ಚಿಗವ್ವನ ಬಲಗಣ್ಣು ಹೋಯಿತು ಎಂದು ಮೂಡಲಗಿಯ ನಮ್ಮ ಓಣಿ ಹೇಳುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯವನ್ನೇ ಹಿಡಿದೆಳೆದು ಅಭ್ಯಾಸವಾದ ನನಗೆ ಈ ವಾಕ್ಯ ಎಷ್ಟು ಸಡಿಲವೆಂದು ಚೆನ್ನಾಗಿ ಗೊತ್ತು. ಉತ್ತರ ಕೊಡಲಿಲ್ಲವೆನ್ನಲು ಸಾಕ್ಷಿ ಏನು? ಉತ್ತರ ಬರಲಿಲ್ಲ ಎನ್ನುವುದಷ್ಟೆ. ಕೊಡುವುದಕ್ಕೂ ಬರುವುದಕ್ಕೂ ನಡುವೆ ಒಂದು ದಾರಿ ಇರುತ್ತದೆ, ಗೆಳೆಯಾ. ಆ ದಾರಿಯ ತುದಿಯಲ್ಲಿ, ನಮ್ಮ ಪಡಸಾಲೆಯ ಮೂಲೆಯಲ್ಲಿ, ಚಿಗವ್ವ ಹಳೆ ಸೀರೆಯ ತುಂಡುಗಳಿಂದ ಹೊಲಿದ ಪುಟ್ಟ ಕೌದಿ ಹೊದ್ದು ಒಂದು ಕರಿ ಡಬ್ಬಿ ಕೂತಿದೆ.

ಅದು ನನ್ನ ಕಂಪ್ಯೂಟರು. ಪುಕ್ಕಟೆ ಇಮೇಲ್ ಕೊಡುವವರು ಪುಕ್ಕಟೆ ಏನನ್ನೂ ಕೊಡುವುದಿಲ್ಲವೆಂದು ಕಂಡಕಂಡವರ ಮುಂದೆ ವಾದಿಸಿ, ಕೊನೆಗೆ ನನ್ನ ವಾದಕ್ಕೆ ನಾನೇ ಸಿಕ್ಕಿಬಿದ್ದು, ಇದ್ದ ಖಾತೆ ಮುಚ್ಚಿ, ಹಳೆ ಬಿಡಿಭಾಗಗಳನ್ನು ಕೂಡಿಸಿ, ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಮನೆಯಿಂದಲೇ ಪತ್ರ ಕಳಿಸುವ ವ್ಯವಸ್ಥೆ ಮಾಡಿಕೊಂಡಿದ್ದೆ. ಇಂಥ ಯಂತ್ರ ಮೊದಲ ದಿನವೇ ತನಗೊಂದು ಹೆಸರು ಕೇಳುತ್ತದೆ. ನಾನು ಹುಕ್ಕೇರಿ ಎಂದು ಕೊಟ್ಟೆ. ಅದು ನಮ್ಮ ಮನೆತನದ ಅಡ್ಡಹೆಸರು. ನಮ್ಮ ಕಡೆ ಅಡ್ಡಹೆಸರೆಂದರೆ ಬಹುಮಟ್ಟಿಗೆ, ಹಿರಿಯರು ಬಿಟ್ಟುಬಂದ ಊರು. ಮುತ್ತಜ್ಜ ಹುಕ್ಕೇರಿಯಲ್ಲಿ ಇರುವತನಕ ಅವನನ್ನು ಯಾರೂ ಹುಕ್ಕೇರಿ ಎಂದು ಕರೆಯಲಿಲ್ಲ; ಮೂಡಲಗಿಗೆ ಬಂದ ಮೇಲೆ ಕರೆದರು. ಈಗ ಅಲ್ಲಿಗೆ ಹೋಗಿ ವಿಚಾರಿಸಿದರೆ ನಮ್ಮನ್ನು ಬಲ್ಲವರು ಒಬ್ಬರೂ ಸಿಗಲಿಕ್ಕಿಲ್ಲ.

ಯಂತ್ರಕ್ಕೆ ಈ ವಂಶಾವಳಿ ಬೇಕಿರಲಿಲ್ಲ. ಹೊರಗೆ ಹೋಗುವ ಪತ್ರದ ಮೇಲೆ ಕಳಿಸಿದವನ ಯಾವ ವಿಳಾಸ ಇರಬೇಕೆಂದು ಬೇರೆಯಾಗಿ ಬರೆದುಕೊಡಬೇಕಿತ್ತು; ಕೊಡದಿದ್ದರೆ ಅದು ತನ್ನ ಹೆಸರನ್ನೇ ಊರೆಂದು ತಿಳಿದು ಹಚ್ಚಿಬಿಡುತ್ತದೆ. ನಾನು ಕೊಟ್ಟಿರಲಿಲ್ಲ. ಪರೀಕ್ಷೆಗೆಂದು ನನಗೆ ನಾನೇ ಕಳಿಸಿಕೊಂಡ ಪತ್ರಗಳೆಲ್ಲ ಸರಿಯಾಗಿ ಮುಟ್ಟಿದ್ದವು. ಮನೆಯೊಳಗೇ ಕಳಿಸಿ ಮನೆಯೊಳಗೇ ಪಡೆಯುವವನಿಗೆ ತನ್ನ ವಿಳಾಸ ತಪ್ಪೆಂದು ತಿಳಿಯುವುದಾದರೂ ಹೇಗೆ?

ಚಿಗವ್ವ ನನ್ನ ಕಾಕಾನ ಹೆಂಡತಿ. ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಟಪಾಲಿಗೆ ಮುದ್ರೆ ಒತ್ತಿದವಳು. ಒಂದು ಮುಂಜಾನೆ ಬಲಗಣ್ಣಿನ ಅಂಚಿನಲ್ಲಿ ಕರಿ ಅರಿವೆ ಇಳಿಬಿದ್ದಂತಿದೆ ಎಂದಳು. ಗೋಕಾಕದ ಕಣ್ಣಿನ ಡಾಕ್ಟರು ಒಳಗಿನ ಪರದೆ ಸಡಿಲಾದ ಅನುಮಾನ ಎಂದು ಫೋಟೋ ತೆಗೆದು, ಹುಬ್ಬಳ್ಳಿಯ ತಜ್ಞರಿಗೆ ಇಂದೇ ಇಮೇಲ್ ಮಾಡಿ, ಅವರು ಕರೆದ ತಕ್ಷಣ ಹೊರಡಿ ಎಂದರು. ಮನೆಗೆ ಬಂದು ಡಬ್ಬಿಯ ಮುಂದೆ ಕೂತೆ. ಚಿಗವ್ವ ಹಿಂದೆ ನಿಂತು, ಜೀವಮಾನವಿಡೀ ಲಕೋಟೆ ತಿರುವಿಹಾಕಿ ನೋಡಿದ ಚಾಳಿಯಲ್ಲಿ ಕೇಳಿದಳು:

“‘ಇಂದ’ ಅಂತ ಬರದು ನಮ್ಮ ವಿಳಾಸ ಪೂರಾ ಹಾಕೀಯೋ ಇಲ್ಲೋ?”

“ಅದು ತಾನ ಹಾಕ್ಕೋತೈತಿ, ಚಿಗವ್ವಾ.”

“ನಾವ್ ಎಲ್ಲಿರತೀವಿ ಅಂತ ಅದಕ್ಕೇನ್ ಗೊತ್ತೋ? ಫೋನ್ ನಂಬರರ ಬರಿ.”

ಆಗ ನಾನೊಂದು ಭಾಷಣ ಮಾಡಿದೆ. ಅಂಚೆಪೆಟ್ಟಿಗೆಯ ಕಾಲ ಮುಗಿದದ್ದನ್ನೂ, ಪತ್ರ ಬಂದ ದಾರಿಯಲ್ಲೇ ಉತ್ತರವೂ ಬರುವುದನ್ನೂ, ಗೊತ್ತಿಲ್ಲದ ವಿಷಯದಲ್ಲಿ ಅನುಭವವನ್ನು ಸಾಕ್ಷಿ ಮಾಡಬಾರದೆಂಬುದನ್ನೂ ಸ್ಪರ್ಧೆಯ ಧಾಟಿಯಲ್ಲೇ ಮಂಡಿಸಿದೆ. ಕಾಕಾ ನಕ್ಕ. “ಆತಪ್ಪಾ ವಕೀಲಾ, ನೀನ ಗೆದ್ದಿ,” ಎಂದು ಚಿಗವ್ವ ಒಳಗೆ ಹೋದಳು. ನಾನು ಗುಂಡಿ ಒತ್ತಿದೆ.

ಒಂಬತ್ತು ದಿನ. ದಿನಾ ಮುಂಜಾನೆ ಅವಳು “ಟಪಾಲ ಬಂತೇನೋ?” ಎಂದು ಕೇಳುವಳು, ಕರಿ ಅರಿವೆ ಎಲ್ಲಿಯತನಕ ಬಂದಿದೆಯೆಂದು ಕೈಯಿಂದ ತೋರಿಸುವಳು. ಸುಮ್ಮನೆ ಹೋಗೇ ಬಿಡೋಣವೆಂದು ಕಾಕಾ ಅಂದಾಗ, ಕರೆಯದೆ ಹೋದರೆ ಪಾಳಿಯಲ್ಲಿ ಕೂರಿಸುತ್ತಾರೆಂದು ನಾನೇ ತಡೆದೆ. ಆ ವಾದವನ್ನೂ ಗೆದ್ದೆ. ಒಂಬತ್ತನೆಯ ದಿನ ಕಾಕಾ ನನ್ನ ಜೋಡಿ ಮಾತಿಗೇ ನಿಲ್ಲದೆ ಅವಳನ್ನು ಬಸ್ಸು ಹತ್ತಿಸಿದ. ನಾನೂ ಬೆನ್ನುಹತ್ತಿದೆ.

ಆಸ್ಪತ್ರೆಯಲ್ಲಿ ಔಷಧದ ಹನಿ ಹಾಕಿಸಿಕೊಂಡು ಚಿಗವ್ವ ಕಣ್ಣು ಮುಚ್ಚಿ ಬಾಕಿನ ಮೇಲೆ ಕೂತಿದ್ದಳು. ಕಾಕಾ ಚೀಟಿ ಮಾಡಿಸಲು ಹೋಗಿದ್ದ. ನಾಲ್ಕೇ ಹೆಜ್ಜೆ ದೂರದ ಕೌಂಟರಿನಲ್ಲಿ ನಾನು ಉತ್ತರ ಯಾಕೆ ಕೊಡಲಿಲ್ಲವೆಂದು ಗದರಿದೆ. ಅಲ್ಲಿದ್ದ ಹುಡುಗಿ ತನ್ನ ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದಳು.

“ಡಾಕ್ಟರು ಅವತ್ತ ಕಳಿಸ್ಯಾರ್ರಿ, ನಾಳೇನ ಕರ್ಕೊಂಡ ಬರ್ರಿ ಅಂತ. ಎರಡ ಸಲ ಹೊಳ್ಳಿ ಬಂದೈತಿ. ಹುಕ್ಕೇರಿ ಅನ್ನೋ ವಿಳಾಸನ ಇಲ್ಲಂತ ನೋಡ್ರಿ. ಫೋನ್ ನಂಬರೂ ಬರದಿಲ್ಲ ನೀವು.”

ಶಸ್ತ್ರಚಿಕಿತ್ಸೆ ಆಯಿತು, ಕಣ್ಣು ಬರಲಿಲ್ಲ. ಮೊದಲೇ ಬಂದಿದ್ದರೂ ಖಾತ್ರಿ ಹೇಳಲಾಗುತ್ತಿರಲಿಲ್ಲವೆಂದು ಡಾಕ್ಟರು ಮೆಲ್ಲಗೆ ಹೇಳಿದರು. ಆ ಒಂದು ವಾಕ್ಯ ಸಾಕು, ವೇದಿಕೆ ಹತ್ತಿ ನನ್ನನ್ನು ನಾನೇ ಬಿಡಿಸಿಕೊಂಡೇನು. ಆದರೆ ಎದುರಾಳಿಯ ಕುರ್ಚಿಯಲ್ಲಿ ಕೂತು ಅದನ್ನೇ ಕೇಳಿದರೆ ನಗು ಬರುತ್ತದೆ: ಖಾತ್ರಿ ಇರಲಿಲ್ಲ, ಸರಿ, ಇದ್ದಷ್ಟು ಅವಕಾಶವನ್ನು ಕಸಿದುಕೊಳ್ಳುವ ಹಕ್ಕು ನಿನಗೆ ಯಾರು ಕೊಟ್ಟರು?

ಹೊಳ್ಳಿ ಬರುವಾಗ ಬಸ್ಸಿನಲ್ಲಿ ಕಾಕಾ, ಅವರು ಉತ್ತರ ಯಾಕೆ ಹಾಕಲಿಲ್ಲವಂತೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಚಿಗವ್ವ ಹೇಳಿದಳು: “ದೊಡ್ಡ ಡಾಕ್ಟರು, ಅವರಿಗೆಲ್ಲಿ ಪುರಸೊತ್ತ ಇರತೈತ್ರಿ.” ನಾನು ತಿದ್ದಲಿಲ್ಲ. ಓಣಿಯ ಕತೆ ಹುಟ್ಟಿದ್ದು ಅಲ್ಲಿ. ಅಂದೇ ಉತ್ತರ ಬರೆದು, ಎರಡೆರಡು ಸಲ ಕಳಿಸಿದ ಮನುಷ್ಯನನ್ನು ನಮ್ಮ ಓಣಿ ಈಗಲೂ ಬಯ್ಯುತ್ತದೆ, ಯಾವ ಮಾತನ್ನೂ ಸಾಕ್ಷಿಯಿಲ್ಲದೆ ಒಪ್ಪದ ನಾನು ಕೇಳಿಸಿಕೊಂಡು ಸುಮ್ಮನಿರುತ್ತೇನೆ.

ಊರಿಗೆ ಬಂದ ದಿನವೇ ವಿಳಾಸ ಸರಿಪಡಿಸಿದೆ. ಎರಡೇ ಸಾಲಿನ ಕೆಲಸ. ಒಲೆಯ ಮೇಲಿನ ಚಹಾ ಇನ್ನೂ ಕುದಿ ಬಂದಿರಲಿಲ್ಲ.

ನಿನ್ನೆ ಸಂಜೆ ಚಿಗವ್ವ ಡಬ್ಬಿಯ ಮೇಲಿನ ಕೌದಿ ತೆಗೆದು ಹರಿದ ಅಂಚು ಹೊಲಿಯುತ್ತ ಕೂತಿದ್ದಳು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದೆ ಸೂಜಿ ಅರಿವೆಯನ್ನು ಬಿಟ್ಟು ಬೆರಳಿಗೇ ಚುಚ್ಚುತ್ತಿತ್ತು. ಅವಳು ಬೆರಳನ್ನು ಬಾಯಿಗಿಟ್ಟುಕೊಂಡು ಮತ್ತೆ ಹೊಲಿಯುತ್ತಿದ್ದಳು. ಹೊದಿಕೆ ಇಲ್ಲದ ಡಬ್ಬಿಯ ಪಕ್ಕದಲ್ಲಿ ಕೂತು ನಾನು ಕಡೆಗೂ ಕೇಳಿದೆ:

“ಚಿಗವ್ವಾ, ಅವತ್ತ ಆ ಕೌಂಟರಿನ ಹುಡುಗಿ ಹೇಳಿದ್ದು ನಿನಗ ಕೇಳಿಸಿತ್ತೇನ?”