ಚಿಮಣಿಯ ಮುಚ್ಚಳ

ಅಥವಾ ಮುಚ್ಚಳ ಕೆಂಪಗಿರಲೇ ಇಲ್ಲವೇನೋ. ರೈಲು ಎಂಜಿನ್ನಿನ ಮೂತಿಯ ಬಫರುಗಳಿಗೆ ಬಳಿದ ಕೆಂಪನ್ನು ನನ್ನ ನೆನಪು ಮುಚ್ಚಳಕ್ಕೂ ಸವರಿರಬಹುದು. ಬಫರುಗಳದ್ದು ಫೋಟೊ ಇದೆ. ಅದರಲ್ಲಿ ಚಿಮಣಿ ಕಾಣುವುದಿಲ್ಲ.

ಹುಮನಾಬಾದಿನ ಹೊರಗೆ ಬಯಲಿನಲ್ಲಿ, ತುಂಡು ಹಳಿಯ ಮೇಲೆ, ಹಿಂದೆ ಗೂಡ್ಸ್ ಎಳೆಯುತ್ತಿದ್ದ ಉಗಿ ಎಂಜಿನ್ ನಿಂತಿದೆ. ಬಾಯ್ಲರ್ ಗಟ್ಟಿಯಿದ್ದರೆ ಒಯ್ದು ದುರಸ್ತಿ ಮಾಡಿ ಓಡಿಸುತ್ತೇವೆ, ಮಳೆಗಾಲ ಮುಗಿದ ಮೇಲೆ ಬಂದು ನೋಡುತ್ತೇವೆ ಎಂದು ದುರಸ್ತಿಯವರು ಹೇಳಿದ್ದರು. ಅಲ್ಲಿಯವರೆಗೆ ಒಳಗೆ ನೀರು ಹೋಗದಂತೆ ಕಾಯುವ ಕೆಲಸವನ್ನು ನಾವಿಬ್ಬರು ಒಪ್ಪಿಕೊಂಡೆವು: ಶಾಲೆಯ ಮಾಸ್ತರನಾದ ನಾನು, ಬಸವಕಲ್ಯಾಣದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯ. ಚಿಮಣಿಗೆ ತಗಡಿನ ಮುಚ್ಚಳ ಮಾಡಿದವನು ಅವನೇ.

ಕಾರಹುಣ್ಣಿಮೆಗೆ ನಮ್ಮ ಕಡೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುತ್ತಾರೆ. ಎಂಜಿನ್ನಿಗೆ ಮುಂದೆ ಚಾಚಿಕೊಂಡ, ಡಿಕ್ಕಿ ತಾಳುವ ಎರಡು ಬಫರುಗಳೇ ಕೊಂಬು ಎಂದು ನಾವೂ ಕೆಂಪು ಬಳಿದೆವು.

"ಕೊಂಬ ಆತು. ಉಸಿರ ಬ್ಯಾಡೇನ್ರಿ, ಮಾಸ್ತರ?" ಎಂದ ಗೆಳೆಯ. ಮೇಲೆ ಹತ್ತಿ ಮುಚ್ಚಳ ತೆಗೆದ. ಬೆಂಕಿಗೂಡಿನಲ್ಲಿ ಒಣ ತೊಗರಿಕಟ್ಟಿಗೆ ಉರಿಸಿದ. ಚಿಮಣಿಯಿಂದ ಹೊಗೆ ಎದ್ದಾಗ ದಾರಿಹೋಕನೊಬ್ಬ ಬೈಕು ನಿಲ್ಲಿಸಿ, ಕೆಂಪು ಬಫರು ನೋಡಿ ಕೂಗಿದ:

"ಏ ಭಾಯ್, ನಿಮ್ಮ ಎತ್ತ ಸಗಣಿ ಹಾಕತದೇನು?"

ಮೋಡ ಕವಿಯಿತು. ನನಗೆ ಬಸ್ಸಿನ ಅವಸರ.

"ಮುಚ್ಚಳಾ?" ಎಂದೆ.

"ಹೊಗಿ ಆರ್ಲಿ, ಹಾಕ್ತೀನಿ. ನೀವು ನಡೀರಿ."

ಮರುದಿನ ಫೋನಿನಲ್ಲಿ ಕೇಳಿದೆ. "ಹಾಕೀನ್ರಿ," ಎಂದ. ಮಳೆಗಾಲವಿಡೀ ಅವನ ಅಂಗಡಿಯಲ್ಲಿ ಚಹಾ ಕುಡಿದೆ. ಮತ್ತೆ ಕೇಳಿದಾಗಲೂ ಹೂಂ ಎಂದು ತಲೆಯಾಡಿಸಿದ. ಅವನ ಮಾತಿದ್ದಮೇಲೆ ಹೋಗಿ ನೋಡುವುದೇನು?

ದುರಸ್ತಿಯವರು ಬಂದು ಎಂಜಿನ್ನಿನ ಮುಂದಿನ ದುಂಡು ಬಾಗಿಲು ತೆರೆದಾಗ ತುಕ್ಕಿನ ಕೆಸರು ಅವರ ಬೂಟಿನ ಮೇಲೆ ಸುರಿಯಿತು. ಬಾಯ್ಲರಿನ ಕೊಳವೆಗಳನ್ನು ತುಕ್ಕು ತಿಂದುಹಾಕಿತ್ತು. ಇದನ್ನು ಒಯ್ಯುವುದಿಲ್ಲ ಎಂದರು. ನಾನು ಚಿಮಣಿ ಹತ್ತಿ ನೋಡಿದೆ. ಬಾಯಿ ಬಟಾಬಯಲು.

ಅಲ್ಲಿಂದ ನೇರ ಗೆಳೆಯನ ಅಂಗಡಿಗೆ ಹೋದೆ. ಅವನು ಅಂಗಡಿಯ ಹಿಂಬದಿಯಲ್ಲಿ ಕೈ ತೊಳೆಯುತ್ತಿದ್ದ. ನೀರಿನ ಡ್ರಮ್ಮಿನ ಮೇಲೆ ನಮ್ಮ ಮುಚ್ಚಳವಿತ್ತು.

"ಗಾಳಿಗಿ ಹಾರಿ ಹೊಲದಾಗ ಬಿದ್ದಿತ್ರಿ. ತಂದೀನಿ."

"ಯಾವಾಗ?"

"ಯಾದ್ ಇಲ್ರಿ."

"ಒಂದ ಮಾತ ಹೇಳಬಾರದಿತ್ತೇನು?"

"ಹೇಳಿದ್ರ ನೀವು ಸಿಟ್ಟಿಗೇಳ್ತಿದ್ರಿ," ಎಂದವನೇ, ಎರಡು ಚಹಾ ತರಲು ಎದುರಿನ ಹೋಟೆಲಿಗೆ ಕೂಗಿ ಹೇಳಿದ.

ನಾನು ಕುಡಿಯಲಿಲ್ಲ. ಕುಡಿದೆನೇನೋ. ಮುಚ್ಚಳವನ್ನು ಎತ್ತಿ ತಿರುಗಿಸಿ ನೋಡಿದ್ದು ನೆನಪಿದೆ. ಬಣ್ಣವೆಂಬುದು ಉಳಿದಿರಲಿಲ್ಲ, ಬರೀ ತುಕ್ಕು. ಆ ಸಂಜೆ ಅವನು ಅದನ್ನು ಹಾಕಿ, ಆಮೇಲೆ ಗಾಳಿ ಹಾರಿಸಿತೋ, ಹಾಕಲೇ ಇಲ್ಲವೋ, ನನಗೆ ಗೊತ್ತಿಲ್ಲ.