ಇಂಟು ಹಾಕಿದ ಕಡೆ ಸಹಿ

ಮಸ್ಕತ್ತಿನಲ್ಲಿ ಒಬ್ಬಳೇ ಇರುವ ನನ್ನ ತಂಗಿ ಮೆಟ್ಟಿಲಿನ ಮೇಲೆ ಜಾರಿ ಕಾಲು ಮುರಿದುಕೊಂಡಳು. ಕಟ್ಟು ಬಿಚ್ಚಿದ ಮೇಲೆ ದಿನಾ ಫಿಸಿಯೋಥೆರಪಿಗೆ ಕರೆದೊಯ್ಯಲು ಒಬ್ಬರು ಬೇಕು. ನಾನು ಹೊರಡಲು ಅಣಿಯಾದೆ.

"ಇಲ್ಲಿ ಬಾಡಿಗೆ ಕಾರು ಸಿಗುತ್ತೆ ಅಕ್ಕ. ಆದ್ರೆ ವಿಸಿಟ್‌ಗೆ ಬಂದೋರು ನಮ್ಮೂರ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ಟೂ ತೋರಿಸ್ಬೇಕು," ಎಂದಳು ಫೋನಿನಲ್ಲಿ.

ತುಮಕೂರಿನ ಆರ್‌ಟಿಒ ಕಚೇರಿಯ ಮುಂದೆ ಕೂರುವ ಏಜೆಂಟನ ಬಳಿ ಹೋದೆ. ಹೊಂಗೆಮರದ ಕೆಳಗೆ ಅವನ ಮೇಜು, ಕಾಗದ ಹಾರದಂತೆ ಮೇಲೊಂದು ಸ್ಪ್ಯಾನರ್. "ಪೆನ್ಸಿಲ್ಲಲ್ಲಿ ಇಂಟು ಹಾಕಿದೀನಲ್ಲ ಮೇಡಂ, ಅಲ್ಲೆಲ್ಲ ಸೈನ್ ಹಾಕ್ಬುಡಿ." ಓದದೆ ಯಾವುದಕ್ಕೂ ಸಹಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಆದರೂ ಹಾಕಿದೆ. ನಮ್ಮಲ್ಲಿ ಏಜೆಂಟನ ಎದುರು ಕೂತು ಅರ್ಜಿ ಓದಿದರೆ ಅವನ ಮೇಲೆ ಅನುಮಾನಪಟ್ಟ ಹಾಗೆ.

ಪರ್ಮಿಟ್ಟಿನ ತೆಳು ಪುಸ್ತಕ ಬಂತು. ವಾಹನಗಳ ಪಟ್ಟಿಯಲ್ಲಿ ಮೋಟಾರ್ ಸೈಕಲ್ಲಿನ ಎದುರಿಗೆ ಮಾತ್ರ ಮುದ್ರೆ. ಕಾರಿನ ಚೌಕ ಖಾಲಿ.

"ಲೇಡೀಸು ಅಂತ ಗಾಡಿಗಷ್ಟೇ ಟಿಕ್ ಹಾಕಿದ್ದೆ," ಎಂದ ಏಜೆಂಟ್. "ಕಾರು ಸಾಹೇಬ್ರು ಓಡುಸ್ತಾರಲ್ವಾ?"

"ಸಾಹೇಬ್ರು ಬರ್ತಿಲ್ಲ."

"ಹಂಗಾದ್ರೆ ಡ್ರೈವರ್ ಇಟ್ಕೊಳಿ. ಫಾರಿನ್ನು ಮೇಡಂ, ರೋಡೆಲ್ಲ ಉಲ್ಟಾ."

"ಹುತ್ರಿದುರ್ಗದ ತಿರುವಲ್ಲಿ ಎದುರಿಗೆ ಬರೋರೆಲ್ಲ ಉಲ್ಟಾನೇ ಬರೋದು. ನಂಗೆ ಅಭ್ಯಾಸ ಇದೆ."

ಜೊತೆಗಿದ್ದ ನನ್ನವರು ಗಡಿಯಾರ ನೋಡಿಕೊಂಡರು. "ಬಿಡೇ, ಗುರುವಾರ ಫ್ಲೈಟು. ಟ್ಯಾಕ್ಸೀಲಿ ಹೋದ್ರಾಯ್ತು."

ಅತ್ತೆಯವರನ್ನು ಕಡಬಕ್ಕೆ, ಮಾವನವರನ್ನು ಕುಣಿಗಲ್ಲಿನ ಡಾಕ್ಟರ ಬಳಿಗೆ ಇದೇ ಕೈಯಲ್ಲಿ ಕಾರು ಓಡಿಸಿ ಕರೆದೊಯ್ದಿದ್ದೇನೆ. ಆಗ ಯಾರಿಗೂ ನಾನು ಲೇಡೀಸೆಂದು ನೆನಪಾಗಿರಲಿಲ್ಲ. ತಂಗಿಯನ್ನು ಊರುಗೋಲಿನ ಮೇಲೆ ಬಿಸಿಲಲ್ಲಿ ನಿಲ್ಲಿಸಿ ಟ್ಯಾಕ್ಸಿಗೆ ಕಾಯಿಸಲು ನಾನು ಸಮುದ್ರ ದಾಟಬೇಕಿರಲಿಲ್ಲ.

"ಬಿಡಲ್ಲ," ಎಂದು ಕೌಂಟರಿಗೆ ನಾನೇ ಹೋದೆ.

ಗುಮಾಸ್ತರು ಹಳೆಯ ಅರ್ಜಿ ತೆಗೆದು ತೋರಿಸಿದರು. "ನೀವೇ ಸೈನ್ ಮಾಡಿದೀರಲ್ಲಮ್ಮ."

"ಹೌದು, ಓದದೆ ಮಾಡಿದ್ದು ನನ್ನ ತಪ್ಪು. ಇದು ನನ್ನ ಲೈಸೆನ್ಸು, ಇದ್ರಲ್ಲಿ ಕಾರೂ ಇದೆ. ಹೊಸ ಫಾರಂ ಕೊಡಿ."

ಅವರು ಲೈಸೆನ್ಸನ್ನು ತಿರುಗಿಸಿ ನೋಡಿ ಫಾರಂ ಕೊಟ್ಟರು. ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲು ಓದಿ ತುಂಬತೊಡಗಿದೆ.

"ಬಿರ್ರನೆ ಬರೀರಮ್ಮ, ಗುಬ್ಬಿ ಬಸ್ಸು ಹೊಂಟೋಯ್ತದೆ," ಎಂದರು ಹಿಂದೆ ನಿಂತಿದ್ದ ಯಜಮಾನರು.

"ನೀವು ಮುಂದೆ ಬನ್ನಿ ಯಜಮಾನ್ರೇ. ನಾನು ಓದೋದು ಇನ್ನೂ ಇದೆ."

ಅವರ ಕೆಲಸ ಮುಗಿಯಿತು, ಅವರ ಹಿಂದಿನವರದ್ದೂ ಮುಗಿಯಿತು. ನಾನು ಕೊನೆಯ ಸಾಲಿನವರೆಗೆ ಓದಿ, ಆಮೇಲೆ ಸಹಿ ಹಾಕಿದೆ.

ಬುಧವಾರ ಪುಸ್ತಕ ಕೈಗೆ ಬಂತು. ಕಾರಿನ ಚೌಕದಲ್ಲಿ ಮುದ್ರೆ ಕೊಂಚ ಓರೆಯಾಗಿ ಬಿದ್ದಿತ್ತು, ಶಾಯಿ ಇನ್ನೂ ಆರಿರಲಿಲ್ಲ. ನನ್ನವರು ಎಂದಿನಂತೆ ತಮ್ಮ ಜೇಬಿಗಿಟ್ಟುಕೊಳ್ಳಲು ಕೈ ಚಾಚಿದರು.

"ಇರ್ಲಿ, ನನ್ನ ಹತ್ರಾನೇ ಇರುತ್ತೆ," ಎಂದೆ.